ಇರುವೆ ಸಂಸಾರ ಕೈಮೀರಿ ಬೆಳೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಐದು ತಿಂಗಳ ಹಿಂದೆ, ಮಳೆ ಬಿದ್ದ ಮಾರನೇ ದಿನ, ರೆಕ್ಕೆ ಉದುರಿಸಿಕೊಂಡ ಒಂದು ರಾಣಿ ಇರುವೆ ಸಿಕ್ಕಿತು. ಟೆಸ್ಟ್ ಟ್ಯೂಬಿನಲ್ಲಿ ಇಟ್ಟೆ. ಮೊದಲು ಎಂಟು ಚಿಕ್ಕ ಇರುವೆಗಳು ಬಂದವು. ಈಗ ಎಣಿಸುವುದಕ್ಕೇ ಆಗುತ್ತಿಲ್ಲ, ನಾನೂರು ಐನೂರು ಇರಬಹುದು. ನಡುನಡುವೆ ದೊಡ್ಡ ತಲೆಯವೂ ಕಾಣಿಸುತ್ತಿವೆ. ಟ್ಯೂಬು ತುಂಬಿಹೋಗಿದೆ, ದಿನಾ ಒಂದೆರಡು ತಪ್ಪಿಸಿಕೊಂಡು ಮೇಜಿನ ಮೇಲೆ ಓಡಾಡುತ್ತವೆ. ಹತ್ತು ಕೋಣೆಗಳ ದೊಡ್ಡ ಅಕ್ರಿಲಿಕ್ ಗೂಡು ತಂದಿಟ್ಟುಕೊಂಡಿದ್ದೇನೆ. ಈಗಲೇ ಅದಕ್ಕೆ ಹಾಕಲಾ? ಎಷ್ಟು ತಿನ್ನಿಸಬೇಕು? ಇಷ್ಟು ಬೇಗ ಬೆಳೆಯುವುದು ಒಳ್ಳೆಯದಾ? ಮುಂದಿನ ತಿಂಗಳು ಹತ್ತು ದಿನ ಮನೆಯಲ್ಲಿ ಇರುವುದಿಲ್ಲ, ಆಗ ಇವುಗಳ ಗತಿ ಏನು?

ಉತ್ತರ:

ಆ ದೊಡ್ಡ ಗೂಡನ್ನು ಸದ್ಯಕ್ಕೆ ಅಟ್ಟದ ಮೇಲಿಡಿ. ಅದಕ್ಕೂ ಕಾಲ ಬರುತ್ತದೆ, ಈಗಲ್ಲ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಇರುವೆ ಎಂದು ನೋಡೋಣ. ಒಂದೇ ರಾಣಿಯ ಮಕ್ಕಳಲ್ಲಿ ಎರಡು ಅಳತೆ, ದೊಡ್ಡವಕ್ಕೆ ಮೈಗಿಂತ ತಲೆಯೇ ಭಾರ, ಐದು ತಿಂಗಳಲ್ಲಿ ಎಂಟು ಹೋಗಿ ನಾನೂರು. ಇಷ್ಟು ಕೇಳಿದರೆ ಸಾಕು, ಫೈಡೋಲೆ ಕುಲದ್ದೇ ಇರಬೇಕು. ಖಾತ್ರಿ ಮಾಡಿಕೊಳ್ಳಲು ಭೂತಗನ್ನಡಿ ಹಿಡಿದು ಸೊಂಟ ನೋಡಿ. ಎದೆಗೂ ಹೊಟ್ಟೆಗೂ ನಡುವೆ ಎರಡು ಗಂಟು ಇರಬೇಕು. ದೊಡ್ಡ ತಲೆಯು ಹಿಂದುಗಡೆ ಹೃದಯದ ಚಿತ್ರದ ಹಾಗೆ ಎರಡು ಭಾಗವಾಗಿ ಉಬ್ಬಿರಬೇಕು. ಗೊದ್ದಗಳ ಬಳಗವಾದ ಕ್ಯಾಂಪೊನೋಟಸ್‌ಗೆ ಒಂದೇ ಗಂಟು. ಅದು ಸಾವಕಾಶದ ಕುಲ, ಮೊದಲ ವರ್ಷ ಮುಗಿಯುವ ಹೊತ್ತಿಗೆ ಹತ್ತಿಪ್ಪತ್ತು ಮಕ್ಕಳಾದರೆ ಚೆನ್ನಾಗಿ ಬೆಳೆಯಿತು ಎಂದು ಲೆಕ್ಕ. ಅಂತರ್ಜಾಲದಲ್ಲಿ ಸಿಗುವ ಸಲಹೆ ಬಹಳಷ್ಟು ಇಂಥ ನಿಧಾನದ ಇರುವೆಗಳನ್ನು ಸಾಕಿದವರದ್ದು. ನಿಮಗೆ ಅದು ಹೊಂದುವುದಿಲ್ಲ. ಫೈಡೋಲೆಯ ಮೊಟ್ಟೆ ಬೆಚ್ಚಗಿರುವ ಕಡೆ ಸುಮಾರು ಒಂದು ತಿಂಗಳಲ್ಲಿ ಓಡಾಡುವ ಇರುವೆಯಾಗುತ್ತದೆ.

ಶುರುವಿನಲ್ಲಿ ರಾಣಿ ಒಬ್ಬಳೇ. ಹಾರಾಟ ಮುಗಿಸಿ ಬಂದವಳು ರೆಕ್ಕೆ ಕಳಚಿಕೊಂಡಳು. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನು ಒಳಗೊಳಗೇ ಕರಗಿಸಿ ಮೊದಲ ಮರಿಗಳನ್ನು ಸಾಕಿದಳು. ನೀವು ಆಗ ಏನೂ ತಿನ್ನಿಸದಿದ್ದರೂ ನಡೆಯಿತು, ಅಲ್ವಾ? ಅದಕ್ಕೇ. ಆ ಎಂಟು ಮಕ್ಕಳು ಈಗಿನವಕ್ಕಿಂತ ಸಣಕಲಾಗಿದ್ದುದೂ ಅದಕ್ಕೇ. ಇದ್ದಷ್ಟರಲ್ಲೇ ಹಂಚಿಕೊಂಡು ಬೆಳೆದವು. ಅವು ಹೊರಗೆ ಬಂದು ಆಹಾರ ಹುಡುಕಲು ಶುರು ಮಾಡಿದ ಮೇಲೆ ರಾಣಿಗೆ ಮೊಟ್ಟೆ ಇಡುವುದೊಂದೇ ಕೆಲಸ.

ಬೆಳೆಯುವ ವೇಗವನ್ನು ರಾಣಿಯೇ ತೀರ್ಮಾನಿಸುತ್ತಾಳೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ವಿಷಯ ತಿರುಗಾಮುರುಗಾ. ಬೆಂಕಿ ಇರುವೆ ಎನ್ನುವ ಸೊಲೆನೋಪ್ಸಿಸ್ ಇನ್‌ವಿಕ್ಟಾದಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಗೂಡಿನಲ್ಲಿ ಬಲಿತ ಮರಿಹುಳುಗಳು ಜಾಸ್ತಿ ಇದ್ದಷ್ಟೂ ರಾಣಿ ಜಾಸ್ತಿ ಮೊಟ್ಟೆ ಇಡುತ್ತಾಳೆ. ಮರಿಹುಳುಗಳನ್ನು ತೆಗೆದುಬಿಟ್ಟರೆ ಮೊಟ್ಟೆ ಇಳಿದುಹೋಗುತ್ತದೆ. ನನ್ನ ಫೈಡೋಲೆ ಗೂಡುಗಳಲ್ಲೂ ಕಂಡದ್ದು ಇದೇ. ಈ ವಾರ ಮರಿಹುಳುಗಳ ಹೊಟ್ಟೆಗೆ ಏನು ಬೀಳುತ್ತದೋ ಅದರ ಮೇಲೆ ಮುಂದಿನ ತಿಂಗಳ ಸಂಖ್ಯೆ ನಿಂತಿದೆ. ಹೊಟ್ಟೆಗೆ ಹಾಕುವವರು ನೀವು. ಅಂದರೆ ವೇಗದ ಕೀಲಿ ನಿಮ್ಮ ಕೈಯಲ್ಲೇ ಇದೆ. ಕೈಮೀರಿ ಹೋಗುತ್ತಿದೆ ಎಂದು ಹೆದರಬೇಡಿ.

ಇದು ಕಣ್ಣಿಗೆ ಕಾಣಬೇಕಾದರೆ ಒಂದು ಸಂಜೆ ಹೀಗೆ ಮಾಡಿ. ಜಿರಳೆಯ ಒಂದು ಕಾಲನ್ನು ಗೂಡಿನ ಬಾಯಿಯ ಹತ್ತಿರ ಇಡಿ. ಕೆಂಪು ಹಾಳೆ ಸುತ್ತಿದ ಟಾರ್ಚ್, ಭೂತಗನ್ನಡಿ, ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು. ಮೊದಲು ಒಂದು ಚಿಕ್ಕ ಇರುವೆ ಬಂದು ಮೀಸೆಯಿಂದ ತಟ್ಟಿ ನೋಡುತ್ತದೆ. ಆಮೇಲೆ ಹೊಟ್ಟೆಯನ್ನು ನೆಲಕ್ಕೆ ತಾಗಿಸುತ್ತ ವಾಪಸ್ ಓಡುತ್ತದೆ, ಅದು ವಾಸನೆಯ ಗೆರೆ ಎಳೆಯುವ ರೀತಿ. ಸ್ವಲ್ಪ ಹೊತ್ತಿಗೆ ಹಿಂಡೇ ಬರುತ್ತದೆ. ದೊಡ್ಡ ತಲೆಯವು ನಿಧಾನಕ್ಕೆ, ತಲೆ ಹೊರಲಾರದೆ ಹೊತ್ತುಕೊಂಡು ಬಂದು, ಕೀಲು ನೋಡಿ ಕತ್ತರಿಸುತ್ತವೆ. ತುಂಡು ಒಳಗೆ ಹೋದ ಮೇಲೆ ಕಣ್ಣು ಕದಲಿಸಬೇಡಿ. ಮರಿಹುಳು ಅಂಗಾತ ಮಲಗಿರುತ್ತದೆ. ಎಳ್ಳಿನಷ್ಟು ಗಾತ್ರ, ಹಾಲಿನ ಬಣ್ಣ, ಕೊಕ್ಕೆಯ ಹಾಗೆ ಬಾಗಿದ ಕತ್ತು. ಇರುವೆ ಮಾಂಸದ ಚೂರನ್ನು ತಂದು ಅದರ ಹೊಟ್ಟೆಯ ಮೇಲೆ ಇಡುತ್ತದೆ, ತಟ್ಟೆಗೆ ಬಡಿಸಿದ ಹಾಗೆ. ಮರಿಹುಳು ಕತ್ತು ಬಗ್ಗಿಸಿ ಅದರ ಮೇಲೆ ಜೊಲ್ಲು ಬಿಡುತ್ತದೆ. ಚೂರು ಕರಗುತ್ತದೆ. ಮರಿಹುಳು ಆ ರಸ ಕುಡಿಯುತ್ತದೆ, ಪಕ್ಕದಲ್ಲಿ ನಿಂತ ಇರುವೆಗಳೂ ಬಾಯಿ ಹಾಕುತ್ತವೆ.

ಬೆಳೆದ ಇರುವೆಗೆ ಗಟ್ಟಿ ತಿನಿಸು ನುಂಗಲು ಆಗುವುದಿಲ್ಲ. ಆ ಸಣ್ಣ ಸೊಂಟದಲ್ಲಿ ದಾಟುವುದು ದ್ರವ ಮಾತ್ರ. ಬಾಯಿಯ ಹತ್ತಿರ ಒಂದು ಪುಟ್ಟ ಚೀಲ ಇದ್ದು, ಚೂರುಗಳನ್ನು ತಡೆದು ಉಂಡೆ ಕಟ್ಟುತ್ತದೆ. ಅದನ್ನು ಆಮೇಲೆ ಉಗುಳುತ್ತವೆ. ಹಾಗಾಗಿ ಈ ಮನೆಯಲ್ಲಿ ಕೂಸೇ ಒರಳುಕಲ್ಲು. ಮರಿಹುಳು ಇಲ್ಲದ ಗೂಡಿಗೆ ನೀವು ಎಷ್ಟು ಜಿರಳೆ ಹಾಕಿದರೂ ಅದು ಮೂಲೆಯಲ್ಲಿ ಕೊಳೆಯುತ್ತದೆ ಅಷ್ಟೇ.

ಇಷ್ಟು ಗೊತ್ತಾದರೆ ಊಟದ ಲೆಕ್ಕ ಸುಲಭ. ಸಕ್ಕರೆ ನೀರು ಬೇಕಾದದ್ದು ಓಡಾಡುವ ಇರುವೆಗಳಿಗೆ. ಜಿರಳೆ, ಮಿಡತೆಯಂಥ ಹುಳ ಬೇಕಾದದ್ದು ಮರಿಗಳಿಗೆ ಮತ್ತು ರಾಣಿಗೆ. ಸಕ್ಕರೆ ನೀರು ಸದಾ ಇರಲಿ. ಒಂದು ಪಾಲು ಸಕ್ಕರೆಗೆ ಮೂರು ನಾಲ್ಕು ಪಾಲು ನೀರು. ಸುಮ್ನೆ ಹನಿ ಬಿಟ್ಟರೆ ಚಿಕ್ಕವು ಅದರಲ್ಲೇ ಸಿಕ್ಕಿಕೊಂಡು ಸಾಯುತ್ತವೆ, ಹತ್ತಿಯಲ್ಲಿ ನೆನೆಸಿ ಇಡಿ. ಹುಳಕ್ಕೆ ಒಂದೇ ನಿಯಮ: ಒಂದು ದಿನದಲ್ಲಿ ಖಾಲಿಯಾಗುವಷ್ಟು. ನಿಮ್ಮ ಐನೂರಕ್ಕೆ ಎರಡು ದಿನಕ್ಕೊಂದು ಚಿಕ್ಕ ಜಿರಳೆಯೋ ಮಿಡತೆಯೋ ಧಾರಾಳ. ಬೆಳಿಗ್ಗೆ ಹಾಕಿದ್ದು ಮಾರನೇ ಬೆಳಿಗ್ಗೆ ಹಾಗೇ ಬಿದ್ದಿದ್ದರೆ ತೆಗೆದು, ಮುಂದಿನ ಸಲ ಅರ್ಧ ಹಾಕಿ. ಒಂದು ಗಂಟೆಯಲ್ಲಿ ಮಾಯವಾದರೆ ಸ್ವಲ್ಪ ಹೆಚ್ಚಿಸಬಹುದು. ಆದರೆ ಹೆಚ್ಚಿಸಲೇಬೇಕು ಅಂತೇನಿಲ್ಲ.

ಹುಳವನ್ನು ಎಲ್ಲಿಂದ ತರುತ್ತೀರಿ ಎನ್ನುವುದರಲ್ಲಿ ಮಾತ್ರ ಸಡಿಲ ಬಿಡಬೇಡಿ. ಮನೆಯಲ್ಲಿ ಮಗುಚಿ ಬಿದ್ದಿರುವ ಜಿರಳೆ ಕೀಟನಾಶಕ ತಿಂದು ಸತ್ತದ್ದಿರಬಹುದು. ಇರುವೆಗಳಿಗೆ ಎರಡು ಹೊಟ್ಟೆ, ಒಂದು ತನಗೆ, ಇನ್ನೊಂದು ಹಂಚುವುದಕ್ಕೆ. ಬಾಯಿಂದ ಬಾಯಿಗೆ ಹಂಚುತ್ತ ಹೋಗುತ್ತವೆ. ಒಂದು ಇರುವೆ ಕುಡಿದ ವಿಷ ರಾಣಿಯ ತನಕ ಮುಟ್ಟುತ್ತದೆ. ಇರುವೆ ಕೊಲ್ಲುವ ಜೆಲ್‌ಗಳು ಕೆಲಸ ಮಾಡುವುದೇ ಹೀಗೆ. ಸಾಕಿದ ಹುಳಗಳನ್ನೇ ಕೊಡಿ. ಅವನ್ನೂ ಒಂದೆರಡು ದಿನ ಫ್ರೀಜರಿನಲ್ಲಿಟ್ಟು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಉಣ್ಣಿ ಜಾತಿಯ ಸಣ್ಣ ಪೀಡೆಗಳು ಗೂಡು ಸೇರುವುದಿಲ್ಲ. ಒಮ್ಮೆ ಸೇರಿದರೆ ಬಿಡಿಸುವುದು ದೊಡ್ಡ ತಲೆನೋವು.

ವೇಗದ ಇನ್ನೊಂದು ಕೀಲಿ ಬಿಸಿ. 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಫೈಡೋಲೆ ಮರಿಗಳು ಓಡೋಡಿ ಬೆಳೆಯುತ್ತವೆ. ಬಿಸಿ ಮಾಡುವ ತಂತಿಯೋ ಮ್ಯಾಟೋ ಇದ್ದರೆ ಗೂಡಿನ ಒಂದು ಕಡೆಗೆ ಮಾತ್ರ ಇಡಿ, ಅದೂ ನೀರಿಲ್ಲದ ಕಡೆಗೆ. ನೀರಿನ ಕೆಳಗೆ ಬಿಸಿ ಇಟ್ಟರೆ ಗಾಜಿನ ತುಂಬ ಬೆವರು ಹನಿ ಕಟ್ಟಿ ಮರಿಗಳು ಮುಳುಗುತ್ತವೆ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇದ್ದರೆ ಎಲ್ಲಿ ಏನಿರಬೇಕು ಎಂದು ಅವೇ ಆರಿಸಿಕೊಳ್ಳುತ್ತವೆ. ಮರಿಹುಳು ಇರುವೆಯಾಗುವ ಮುಂಚಿನ ಹಂತವಾದ ಕೋಶಗಳನ್ನು ಬೆಚ್ಚಗೆ ಒಣಗಿರುವ ಕಡೆಗೆ, ಮೊಟ್ಟೆ ಮತ್ತು ಎಳೆ ಮರಿಗಳನ್ನು ತೇವದ ಕಡೆಗೆ ಹೊತ್ತುಕೊಂಡು ಹೋಗುತ್ತವೆ. ಕೋಶದ ರಾಶಿಯನ್ನು ತಂಪಿನ ತುದಿಗೆ ಸಾಗಿಸಿದ್ದರೆ ನಿಮ್ಮ ಬಿಸಿ ಅತಿಯಾಗಿದೆ ಎಂದರ್ಥ. ನನಗೆ ಥರ್ಮಾಮೀಟರಿಗಿಂತ ಇದರ ಮೇಲೇ ನಂಬಿಕೆ. ಕಿಟಕಿಯ ಬಿಸಿಲಿಗಂತೂ ಇಡಲೇಬೇಡಿ, ಮುಚ್ಚಿದ ಗಾಜು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ.

ಈಗ ನಿಮ್ಮ ಹತ್ತು ಕೋಣೆಯ ಬಂಗಲೆಯ ವಿಷಯ. ಇರುವೆಗೆ ವಿಶಾಲವಾದ ಮನೆ ಸುಖ ಅಲ್ಲ. ಮೈಗೆ ಮೈ ತಾಗುವ ಇಕ್ಕಟ್ಟು, ಕತ್ತಲೆ, ತೇವ ಇದ್ದರೆ ನೆಮ್ಮದಿ. ಐನೂರು ಫೈಡೋಲೆ ಎಂದರೆ ಕೇಳುವುದಕ್ಕೆ ದೊಡ್ಡದು, ಒಟ್ಟು ಸೇರಿಸಿದರೆ ಒಂದು ಚಮಚ ತುಂಬುವುದಿಲ್ಲ. ಅವನ್ನು ಹತ್ತು ಕೋಣೆಗೆ ಬಿಟ್ಟರೆ ಒಂದೆರಡರಲ್ಲಿ ಮುದುಡಿ ಕೂರುತ್ತವೆ. ಉಳಿದದ್ದು ಕಸದ ಕೋಣೆ. ಜಿರಳೆಯ ಚಿಪ್ಪು, ಸತ್ತ ಇರುವೆ, ಉಗುಳಿದ ಉಂಡೆ ಎಲ್ಲ ಅಲ್ಲಿಗೇ. ಅದಕ್ಕೆ ಬೂಷ್ಟು ಹಿಡಿಯುತ್ತದೆ, ಒಳಗೆ ಕೈ ಹಾಕಿ ತೆಗೆಯಲು ಆಗುವುದಿಲ್ಲ. ಹೆಚ್ಚುವರಿ ಕೋಣೆಗಳ ಬಾಯಿಗೆ ಹತ್ತಿ ತುರುಕಿ ಎಂದು ಹೇಳುವವರಿದ್ದಾರೆ. ನಿಧಾನದ ಇರುವೆಗಳಿಗೆ ಸರಿ. ಫೈಡೋಲೆ ಒಂದು ರಾತ್ರಿಯಲ್ಲಿ ಆ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ಹೊರಗೆ ಹಾಕುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಮುಚ್ಚಳ ಇರುವ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಸಾಕುವವರು ಔಟ್‌ವರ್ಲ್ಡ್ ಅನ್ನುತ್ತಾರಲ್ಲ, ಆ ಓಡಾಡುವ ಜಾಗ ಇದು. ಈಗಿನ ಟ್ಯೂಬನ್ನು ಬಾಯಿ ತೆರೆದು ಅದರೊಳಗೆ ಮಲಗಿಸಿ. ಪಕ್ಕದಲ್ಲೇ ಇನ್ನೊಂದು ಅಥವಾ ಎರಡು ಅಗಲದ ಟ್ಯೂಬು ಇಡಿ, ಮೊದಲಿನ ಹಾಗೇ ಹಿಂದೆ ನೀರು, ನಡುವೆ ಹತ್ತಿ. ಹೊಸದನ್ನು ಕಪ್ಪು ಕಾಗದದಲ್ಲಿ ಸುತ್ತಿ, ಹಳೆಯದರ ಮೇಲಿನ ಹೊದಿಕೆ ತೆಗೆಯಿರಿ. ಬೆಳಕು ಬಿದ್ದ ಮನೆ ಬಿಟ್ಟು ಕತ್ತಲೆಯ ಮನೆಗೆ ಅವೇ ಹೋಗುತ್ತವೆ. ಕೆಲವು ಸಲ ಒಂದು ರಾತ್ರಿ, ಕೆಲವು ಸಲ ಎರಡು ವಾರ. ಟ್ಯೂಬನ್ನು ತಲೆಕೆಳಗು ಮಾಡಿ ಕುಟ್ಟಿ ಉದುರಿಸುವ ವಿಡಿಯೋಗಳು ಇವೆ, ಅದನ್ನು ನೋಡಿ ಕಲಿಯಬೇಡಿ. ಆ ಗಲಿಬಿಲಿಯಲ್ಲಿ ರಾಣಿಯ ಕಾಲು ಮುರಿದರೆ ಮುಂದಿನ ದಾರಿ ಇಲ್ಲ. ಫೈಡೋಲೆಯ ಕೆಲಸಗಾರ ಇರುವೆಗಳಿಗೆ ಅಂಡಾಶಯವೇ ಇಲ್ಲ, ರಾಣಿ ಹೋದರೆ ಒಂದು ಮೊಟ್ಟೆಯೂ ಹುಟ್ಟುವುದಿಲ್ಲ.

ಸುಮಾರು ಸಾವಿರ ದಾಟಿದ ಮೇಲೆ, ಮೂರು ಟ್ಯೂಬೂ ತುಂಬಿ ಡಬ್ಬಿಯ ಮೂಲೆಯಲ್ಲಿ ಮರಿ ರಾಶಿ ಹಾಕಲು ಶುರು ಮಾಡಿದಾಗ, ಆ ಅಕ್ರಿಲಿಕ್ ಗೂಡನ್ನು ಕೆಳಗಿಳಿಸಿ ಡಬ್ಬಿಗೆ ಪೈಪಿನಿಂದ ಜೋಡಿಸಿ. ಗೂಡಿನ ಬೆಲೆ, ಅಂದ ನೋಡಿ ಮರುಳಾಗಬೇಡಿ. ಇಂಗ್ಲೆಂಡಿನ ಜಾನ್ ಲಬ್ಬಕ್ ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಮಣ್ಣು ಹಾಕಿ ಇರುವೆ ಸಾಕಿದವರು. ಅವರ ಒಂದು ರಾಣಿ ಹೆಚ್ಚುಕಡಿಮೆ 15 ವರ್ಷ ಬದುಕಿ 1888ರಲ್ಲಿ ಸತ್ತಿತು. ಥರ್ಮೋಸ್ಟಾಟೂ ಇರಲಿಲ್ಲ, ಅಕ್ರಿಲಿಕ್ಕೂ ಇರಲಿಲ್ಲ.

ತಪ್ಪಿಸಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ದಿನಾ ಒಂದೆರಡು ಮೇಜಿನ ಮೇಲೆ ಎಂದು ನೀವು ಹಗುರವಾಗಿ ಬರೆದಿದ್ದೀರಿ. ನಾನೂ ಹಾಗೇ ಹಗುರವಾಗಿ ತೆಗೆದುಕೊಂಡವನು. ಡಬ್ಬಿಯ ಒಳಗೋಡೆಗೆ ಮೇಲ್ಗಡೆ ಎರಡು ಬೆರಳಿನಷ್ಟು ಅಗಲಕ್ಕೆ ಟಾಲ್ಕಮ್ ಪೌಡರ್ ಪಟ್ಟಿ ಬಳಿದಿದ್ದೆ. ಇರುವೆ ಅದರ ಮೇಲೆ ಕಾಲಿಟ್ಟರೆ ಪುಡಿ ಉದುರಿ ಜಾರಿ ಬೀಳುತ್ತದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಡಬ್ಬಿಯೊಳಗೆ ನೀರಿನ ಟ್ಯೂಬು ಸೋರಿ, ಮುಚ್ಚಳ ಹಾಕಿದ್ದರಿಂದ ಒಳಗೆಲ್ಲ ತೇವ ಏರಿತ್ತು. ಪೌಡರ್ ನೆಂದು ಗೋಡೆಗೆ ಮೆತ್ತಿಕೊಂಡು, ಸಿಮೆಂಟು ಬಳಿದ ರಸ್ತೆಯ ಹಾಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಡಬ್ಬಿಯಿಂದ ಮೇಜಿನ ಕಾಲು, ಅಲ್ಲಿಂದ ಗೋಡೆಯ ಅಂಚು, ಅಲ್ಲಿಂದ ಸಕ್ಕರೆ ಡಬ್ಬಿಗೆ ಒಂದೇ ಗೆರೆ. ಪುಣ್ಯಕ್ಕೆ ರಾಣಿ ಒಳಗೇ ಇದ್ದಳು. ಸಕ್ಕರೆ ನೀರಿನ ಹತ್ತಿಯನ್ನು ದಾರಿಯಲ್ಲಿಟ್ಟು, ಅದಕ್ಕೆ ಮುತ್ತಿದವನ್ನು ಮತ್ತೆ ಮತ್ತೆ ಡಬ್ಬಿಗೆ ಕೊಡವುತ್ತ ಮಧ್ಯಾಹ್ನವಾಯಿತು.

ಅವತ್ತಿನಿಂದ ನನ್ನ ಕ್ರಮ ಇದು. ಟಾಲ್ಕಮ್ ಪೌಡರನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೆಳ್ಳಗೆ ಕಲಸಿ, ಹತ್ತಿಯಿಂದ ಗೋಡೆಗೆ ಬಳಿಯುತ್ತೇನೆ. ಇರುವೆ ಇಲ್ಲದ ಖಾಲಿ ಡಬ್ಬಿಗೆ, ಬೆಂಕಿಯಿಂದ ದೂರ, ಕಿಟಕಿ ತೆರೆದು. ಪೂರ್ತಿ ಒಣಗಿ ವಾಸನೆ ಹೋದ ಮೇಲೇ ಇರುವೆಗಳಿಗೆ ಜಾಗ. ಮುಚ್ಚಳದಲ್ಲಿ ಒಂದು ಕಿಟಕಿ ಕೊರೆದು ತೀರಾ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿದ್ದೇನೆ. ಪ್ಲಾಸ್ಟಿಕ್ ಅಥವಾ ಬಟ್ಟೆಯ ಜಾಲರಿಯನ್ನು ಇವು ಕಡಿದು ದಾರಿ ಮಾಡಿಕೊಳ್ಳುತ್ತವೆ. ಇಷ್ಟೂ ಸಾಲದು ಎನ್ನಿಸಿದರೆ ಡಬ್ಬಿಯನ್ನು ನೀರು ತುಂಬಿದ ಅಗಲವಾದ ತಟ್ಟೆಯ ನಡುವೆ ಇಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಮೇಲೆ ತೇಲಿ ದಾಟಲು ಆಗುವುದಿಲ್ಲ. ಇನ್ನೊಂದು ವಿಷಯ, ಇದ್ದಕ್ಕಿದ್ದಂತೆ ಜಾಸ್ತಿ ಇರುವೆಗಳು ಗೋಡೆ ಹತ್ತಲು ಶುರು ಮಾಡಿದರೆ ಬರೀ ಪಟ್ಟಿ ಸರಿಮಾಡಿ ಸುಮ್ಮನಾಗಬೇಡಿ. ಟ್ಯೂಬಿನ ನೀರು ಮುಗಿದಿದೆಯಾ, ಬಿಸಿ ಹೆಚ್ಚಾಗಿದೆಯಾ, ಹುಳ ಕೊಳೆತಿದೆಯಾ ನೋಡಿ. ಮನೆ ಸರಿಯಿದ್ದರೆ ಅವು ಅಷ್ಟಾಗಿ ಹೊರಡುವುದಿಲ್ಲ.

ಕಸ ತೆಗೆಯುವುದು ದೊಡ್ಡ ಕೆಲಸವಲ್ಲ, ಅವೇ ಒಂದು ಮೂಲೆಗೆ ಗುಡ್ಡೆ ಹಾಕುತ್ತವೆ. ಸತ್ತದ್ದನ್ನು ಗುರುತಿಸುವುದು ವಾಸನೆಯಿಂದ. ಸತ್ತ ಇರುವೆಯ ಮೈಯಲ್ಲಿ ಒಲಿಯಿಕ್ ಆಮ್ಲ ಹುಟ್ಟುತ್ತದೆ. 1958ರಲ್ಲಿ ಇರುವೆ ವಿಜ್ಞಾನಿ ಎಡ್ವರ್ಡ್ ವಿಲ್ಸನ್ ಮತ್ತು ಜೊತೆಗಾರರು ಇದನ್ನು ಪತ್ತೆ ಮಾಡಿದರು. ಆ ಆಮ್ಲವನ್ನು ಜೀವಂತ ಇರುವೆಗೆ ಸವರಿದರೆ ಉಳಿದವು ಅದನ್ನೂ ಎತ್ತಿಕೊಂಡು ಹೋಗಿ ಕಸಕ್ಕೆ ಹಾಕುತ್ತವೆ, ಕಾಲು ಒದ್ದಾಡಿಸುತ್ತಿದ್ದರೂ ಸರಿ. ನೀವು ವಾರಕ್ಕೊಮ್ಮೆ ಆ ಗುಡ್ಡೆಯನ್ನು ಚಿಮಟದಿಂದ ತೆಗೆದರೆ ಸಾಕು.

ಬೇಗ ಬೆಳೆಯುವುದು ಒಳ್ಳೆಯದಾ ಎಂದು ಕೇಳಿದ್ದೀರಿ. ಇರುವೆಗೆ ಕೆಟ್ಟದ್ದಲ್ಲ, ಅದರ ಸ್ವಭಾವವೇ ಅದು. ಸಾಕುವವರಿಗೆ ಅಷ್ಟು ಒಳ್ಳೆಯದಲ್ಲ. ಐನೂರು ಇದ್ದಾಗ ಎರಡು ದಿನಕ್ಕೊಂದು ಜಿರಳೆ, ಹತ್ತು ಸಾವಿರ ಆದಾಗ ದಿನಾ ಹಿಡಿ ಹುಳ. ಯಾರ ಗೂಡು ಬೇಗ ಸಾವಿರ ಮುಟ್ಟಿತು ಎಂಬ ಪೈಪೋಟಿ ನನಗೆ ಹಿಡಿಸುವುದಿಲ್ಲ. ನಿಮಗೆ ನೋಡಿಕೊಳ್ಳಲು ಆಗುವಷ್ಟಕ್ಕೆ ನಿಲ್ಲಿಸಿ. ಬಿಸಿ ಮಾಡುವುದನ್ನು ಬಿಟ್ಟು 22-23 ಡಿಗ್ರಿಗೆ ಇಳಿಸಿ. ಹುಳವನ್ನು ವಾರಕ್ಕೆ ಒಂದಕ್ಕೆ ತನ್ನಿ, ಸಕ್ಕರೆ ನೀರು ಮಾತ್ರ ನಿಲ್ಲಿಸಬೇಡಿ. ಮರಿಹುಳುಗಳು ಬೆಳೆಯುವುದು ನಿಧಾನವಾಗುತ್ತದೆ, ಅದರ ಹಿಂದೆಯೇ ಮೊಟ್ಟೆಯೂ ಕಡಿಮೆ. ಈ ದಿನಗಳಲ್ಲಿ ಕೆಲಸಗಾರ ಇರುವೆಗಳು ತಮ್ಮದೇ ಒಂದಷ್ಟು ಮೊಟ್ಟೆ ಮರಿ ತಿನ್ನುವುದು ಕಾಣಬಹುದು. ಗಾಬರಿ ಬೇಡ. ಬರಗಾಲದಲ್ಲಿ ಕಣಜ ಬಿಚ್ಚಿದ ಹಾಗೆ ಅದು. ವಯಸ್ಸಾದ ಇರುವೆಗಳು ಸಾಯುತ್ತಾ ಹೋಗುತ್ತವೆ, ಎರಡು ತಿಂಗಳಲ್ಲಿ ಸಂಖ್ಯೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಹುಳವನ್ನು ಪೂರ್ತಿ ನಿಲ್ಲಿಸಿ ಮರಿಯೇ ಇಲ್ಲದ ಹಾಗೆ ಮಾಡುವುದು ಮಾತ್ರ ಬೇಡ.

ಜಾಸ್ತಿಯಾದವನ್ನು ಹೊರಗೆ ಬಿಡೋಣ ಎಂಬ ಯೋಚನೆ ಬಂದೇ ಬರುತ್ತದೆ. ಬೇಡ. ಜಗತ್ತಿನ ಅತಿ ಕೆಟ್ಟ 100 ಅತಿಕ್ರಮಣಕಾರಿ ಜೀವಿಗಳು ಎಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಮಾಡಿದ ಪಟ್ಟಿಯಲ್ಲಿ ಐದು ಇರುವೆಗಳಿವೆ. ಅದರಲ್ಲಿ ಒಂದು ನಿಮ್ಮ ಇರುವೆಯ ಹತ್ತಿರದ ನೆಂಟ, ಫೈಡೋಲೆ ಮೆಗಾಸೆಫಲಾ. ಸಾಕುವುದನ್ನೇ ಬಿಡಬೇಕು ಎನ್ನಿಸಿದರೆ ಮತ್ತೊಬ್ಬ ಅನುಭವಸ್ಥರಿಗೆ ರಾಣಿಯ ಸಮೇತ ಕೊಡಿ. ರಾಣಿಯಿಲ್ಲದೆ ಒಂದು ಪಾಲು ಇರುವೆ ಕೊಟ್ಟರೆ ಅವು ಕೆಲವು ತಿಂಗಳು ಓಡಾಡಿ ಮುಗಿಯುತ್ತವೆ. ಬೇರೆ ಗೂಡಿನ ಜೊತೆ ಸೇರಿಸುವ ಮಾತಂತೂ ಇಲ್ಲ, ಮೈಯ ವಾಸನೆ ಬೇರೆಯಾದರೆ ಕಡಿದಾಡಿ ಸಾಯುತ್ತವೆ. ಯಾರೂ ಸಿಗದಿದ್ದರೆ ಡಬ್ಬಿ ಸಮೇತ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಕೇಳಲು ಕಷ್ಟ, ಮಾಡಲೂ ಕಷ್ಟ.

ಇನ್ನು ನಿಮ್ಮ ಹತ್ತು ದಿನ. ಅದು ಏನೂ ಅಲ್ಲ. ಹೊರಡುವ ಒಂದು ವಾರ ಮುಂಚೆಯೇ ಹೊಸ ಟ್ಯೂಬುಗಳಿಗೆ ಸ್ಥಳಾಂತರ ಮುಗಿದಿರಲಿ, ಹೊರಡುವ ಹಿಂದಿನ ದಿನ ಮನೆ ಬದಲಿಸಬೇಡಿ. ಒಂದು ಟ್ಯೂಬಿನ ತುಂಬ ಸಕ್ಕರೆ ನೀರು, ಇನ್ನೊಂದರ ತುಂಬ ಬರೀ ನೀರು, ಎರಡಕ್ಕೂ ಬಿಗಿಯಾಗಿ ಹತ್ತಿಯ ಬಿರಡೆ ಹಾಕಿ ಡಬ್ಬಿಯಲ್ಲಿ ಮಲಗಿಸಿ. ಬಿಸಿಯ ಸ್ವಿಚ್ ಆರಿಸಿ. ಎರಡು ದಿನ ಮುಂಚೆ ಒಂದು ಜಿರಳೆ ಕೊಟ್ಟು, ಉಳಿದದ್ದನ್ನು ಹೊರಡುವ ಬೆಳಿಗ್ಗೆ ತೆಗೆದುಹಾಕಿ. ನೋಡಿಕೊಳ್ಳಲು ಯಾರನ್ನೂ ಕರೆಯಬೇಡಿ. ಪ್ರೀತಿಯಿಂದ ದಿನಾ ಒಂದು ಹುಳ ಹಾಕುವವರು ಸಿಕ್ಕರೆ ನೀವು ಬಂದು ಬಾಗಿಲು ತೆರೆಯುವ ಮೊದಲೇ ವಾಸನೆ ಬರುತ್ತದೆ.